ಮೂರು ತುರುಪಿನ ಬೆಂಬಲ, ಕೈ ತುಂಬ ಅಂಕ: ಬ್ರಿಜ್ ಆಟದಲ್ಲಿ ನಿಧಾನದ ಕೂಗು



ಮಳೆಗಾಲ ಹಿಡಿದಿದೆ. ಅಡಿಕೆಗೆ ಬೋರ್ಡೋ ಹೊಡೆಯಲು ಮಳೆ ಹೊಳವಾಗುವುದನ್ನು ಕಾಯುತ್ತ ಕೂತಿರುವ ಈ ದಿನಗಳಲ್ಲಿ ಸಂಜೆ ಐದಕ್ಕೇ ಕತ್ತಲಾಗುತ್ತದೆ, ಕರೆಂಟು ಯಾವಾಗ ಬಂದೀತೆಂದು ಹೇಳುವಂತಿಲ್ಲ. ಇಂಥ ಸಂಜೆಗಳಲ್ಲಿ ನಾಲ್ಕು ಜನ ಸೇರಿದರೆ ಎಲೆ ಬೀಳುವುದು ನಮ್ಮ ಕಡೆ ಹೊಸ ಸಂಗತಿಯಲ್ಲ. ಕಳೆದ ಸಂಚಿಕೆಯಲ್ಲಿ ಜೋಡಿಯ ಸೂಟಿಗೆ ನಮ್ಮಲ್ಲಿ ನಾಲ್ಕು ಎಲೆಯ ಬೆಂಬಲವಿದ್ದಾಗ ಹೇಗೆ ಕೂಗಬೇಕೆಂದು ಬರೆದಿದ್ದೆವು. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ ಕೇಳಿವೆ: ಬೆಂಬಲ ಮೂರೇ ಎಲೆ, ಆದರೆ ಕೈ ಬಲವಾಗಿದೆ, ಆಗೇನು ಮಾಡುವುದು? ಈ ಪಾಠ ಅದರ ಬಗ್ಗೆ.

ಇನ್ನೊಂದು ಪತ್ರವೂ ಬಂದಿದೆ. ಸಹಕಾರಿ ಸಂಘದ ಪತ್ರಿಕೆಯಲ್ಲಿ ಇಸ್ಪೀಟಿನ ಪಾಠ ಬೇಕೇ ಎಂದು ಹಿರಿಯ ಸದಸ್ಯರೊಬ್ಬರು ಕೇಳಿದ್ದಾರೆ. ಅವರ ಆತಂಕ ನಮಗೆ ಅರ್ಥವಾಗುತ್ತದೆ. ಎಲೆಯ ಮೇಲೆ ತೋಟ ಕಳೆದುಕೊಂಡವರ ಕತೆ ಯಾವ ಊರಿನಲ್ಲಿಲ್ಲ? ಆದರೆ ನಾವು ಬರೆಯುತ್ತಿರುವುದು ಹಣ ಕಟ್ಟುವ ಆಟದ ಬಗ್ಗೆ ಅಲ್ಲ. 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದು ಹೇಳುವಾಗ ಹೋಲಿಕೆಗೆ ತೆಗೆದುಕೊಂಡದ್ದು ಬ್ರಿಜ್ಜನ್ನೇ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಜೋಡಿ ಇದೇ ಆಟದಲ್ಲಿ ಭಾರತಕ್ಕೆ ಚಿನ್ನ ತಂದಿತು. ಬರ್ಧನ್‌ರಿಗೆ ಆಗ ಅರವತ್ತು ವರ್ಷ. ಆದುದರಿಂದ ಆ ಹಿರಿಯರೂ ಒಂದು ಸಂಜೆ ಬಂದು ನಮ್ಮೊಡನೆ ಕೂರಬೇಕೆಂದು ಕೋರುತ್ತೇವೆ.

ಮೊದಲಿಗೆ ಮಾತಿನ ಒಪ್ಪಂದ. ಬಿಡ್ ಎಂಬುದನ್ನು ನಾವು ಕೂಗು ಎಂದೇ ಬರೆಯುತ್ತೇವೆ. ಅಡಿಕೆಯ ಹರಾಜು ಕಂಡವರಿಗೆ ಆ ಮಾತು ಹತ್ತಿರ. ಇಸ್ಪೀಟ್ ಮತ್ತು ಆಟೀನ್ ಇವೆರಡು ಮೇಜರ್, ಡೈಮನ್ ಮತ್ತು ಕಳಾವರ್ ಮೈನರ್. ಅಂಕದ ಲೆಕ್ಕ ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1. ಇಪ್ಪತ್ತೆಂಟು ಆಡಿ ರೂಢಿಯಿರುವವರು ಗುಲಾಮನನ್ನು ಕಂಡು ಹಿಗ್ಗುವುದನ್ನು ಇಲ್ಲಿ ಬಿಡಬೇಕು. ಇಬ್ಬರ ಕೈ ಸೇರಿ 25-26 ಅಂಕವಿದ್ದರೆ ಮೇಜರಿನಲ್ಲಿ ಗೇಮ್, ಅಂದರೆ ನಾಲ್ಕರ ಕೂಗು, ಹತ್ತು ಟ್ರಿಕ್. ಸುಮಾರು 33 ಇದ್ದರೆ ಸಣ್ಣ ಸ್ಲ್ಯಾಮ್, ಅಂದರೆ ಆರರ ಕೂಗು, ಹನ್ನೆರಡು ಟ್ರಿಕ್. ನಾವು ಇಲ್ಲಿ ಹಿಡಿದಿರುವುದು ಮೇಜರನ್ನು ಐದು ಎಲೆ ಇದ್ದಾಗ ಮಾತ್ರ ಮೊದಲು ಕೂಗುವ ಪದ್ಧತಿಯನ್ನು. ಇದನ್ನು 1950ರ ದಶಕದಿಂದ ಪ್ರಚಾರಕ್ಕೆ ತಂದವರಲ್ಲಿ ಅಮೆರಿಕದ ಆಲ್ವಿನ್ ರಾತ್ ಪ್ರಮುಖರು.

ಈಗ ನಮ್ಮದೇ ಒಂದು ತಪ್ಪನ್ನು ಮುಂದಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಒಂದು ಕ್ಲಬ್ಬಿನಲ್ಲಿ ತಂಡಗಳ ಪಂದ್ಯ. ನಮ್ಮ ಜೋಡಿ ಪಕ್ಕದ ತೋಟದ ಹಿರಿಯರು. ಅವರು ಮೊದಲು ಒಂದು ಆಟೀನ್ ಕೂಗಿದರು. ಎದುರಾಳಿ ಪಾಸ್. ನಮ್ಮ ಕೈ ಹೀಗಿತ್ತು:

ಇಸ್ಪೀಟ್: ಎಕ್ಕ, 5
ಆಟೀನ್: ರಾಜ, ರಾಣಿ, 4
ಡೈಮನ್: 8, 3, 2
ಕಳಾವರ್: ಎಕ್ಕ, ಗುಲಾಮ, 9, 6, 2

ಹದಿನಾಲ್ಕು ಅಂಕ. ಜೋಡಿಯ ಬಳಿ ಕನಿಷ್ಠ ಹನ್ನೆರಡು. ಕೂಡಿಸಿದರೆ ಇಪ್ಪತ್ತಾರು, ಗೇಮ್ ಖಂಡಿತ. ಆಟೀನ್ ಐದು ಮತ್ತು ಮೂರು ಎಂಟಾಯಿತು, ತುರುಪೂ ಸಿಕ್ಕಿತು. ಮತ್ತೇನು ಯೋಚನೆ ಎಂದು ನಾವು ನೇರವಾಗಿ ನಾಲ್ಕು ಆಟೀನ್ ಕೂಗಿಬಿಟ್ಟೆವು. ಎಲ್ಲರೂ ಪಾಸ್. ಜೋಡಿಯ ಕೈಯಲ್ಲಿದ್ದದ್ದು ಇದು:

ಇಸ್ಪೀಟ್: 7, 4
ಆಟೀನ್: ಎಕ್ಕ, ಗುಲಾಮ, 10, 8, 3
ಡೈಮನ್: ಎಕ್ಕ, 6
ಕಳಾವರ್: ರಾಜ, ರಾಣಿ, 8, 5

ಎಣಿಸಿ ನೋಡಿ. ಆಟೀನಿನಲ್ಲಿ ಐದು, ಕಳಾವರಿನಲ್ಲಿ ಐದು, ಇಸ್ಪೀಟ್ ಎಕ್ಕ, ಡೈಮನ್ ಎಕ್ಕ. ಒಟ್ಟು ಹನ್ನೆರಡು ಟ್ರಿಕ್. ಎದುರಾಳಿ ಏನು ಎಸೆದರೂ ಸರಿ, ತುರುಪು ತೆಗೆದು ಕಳಾವರ್ ಓಡಿಸಿ, ಐದನೆಯ ಕಳಾವರಿನ ಮೇಲೆ ಒಂದು ಕೆಟ್ಟ ಎಲೆ ಬಿಸಾಡಿ, ಕಡೆಗೆ ಒಂದೇ ಟ್ರಿಕ್ ಕೊಟ್ಟರಾಯಿತು. ವಲ್ನರಬಲ್ ಅಲ್ಲದ ನಮಗೆ ಬಂದದ್ದು 480. ಪಕ್ಕದ ಮೇಜಿನಲ್ಲಿ ಇದೇ ಎಲೆ ಹಿಡಿದ ಎದುರಾಳಿಗಳು ಆರು ಆಟೀನ್ ಕೂಗಿ 980 ಬರೆದುಕೊಂಡರು. ಐನೂರರ ವ್ಯತ್ಯಾಸ, ತಂಡದ ಲೆಕ್ಕದಲ್ಲಿ 11 ಐ.ಎಂ.ಪಿ. ನಾವು ಪಂದ್ಯ ಸೋತದ್ದು ಒಂಬತ್ತರಲ್ಲಿ.

ಹಿರಿಯರು ಮೇಜಿನ ಬಳಿ ಒಂದು ಮಾತೂ ಆಡಲಿಲ್ಲ. ವಾಪಸು ಬರುವಾಗ ಜೀಪಿನಲ್ಲಿ ಘಾಟಿಯ ಎರಡು ತಿರುವು ಕಳೆದ ಮೇಲೆ ಕೇಳಿದರು: "ಅಲ್ಲ ಮಾರಾಯ್ರೇ, ನಿಮ್ಮ ಹತ್ತಿರ ಆ ಕಳಾವರ್ ಉಂಟು ಅಂತ ನನಗೆ ಹೇಗೆ ಗೊತ್ತಾಗಬೇಕಿತ್ತು?" ನಾವು ಆಗ ಇಬ್ಬರ ಅಂಕ ಕೂಡಿಸಿದರೂ ಇಪ್ಪತ್ತೆಂಟೇ, ಸ್ಲ್ಯಾಮಿಗೆ ಮೂವತ್ತಮೂರು ಬೇಕು ಎಂದು ವಾದಿಸಿದ್ದು ನೆನಪಿದೆ. ವಾದ ಲೆಕ್ಕಕ್ಕೆ ಸರಿ, ಆಟಕ್ಕೆ ತಪ್ಪು. ಟ್ರಿಕ್ ಕೊಡುವುದು ಅಂಕವಲ್ಲ, ಎಲೆ. ಇವರ ರಾಜ-ರಾಣಿ ನಮ್ಮ ಎಕ್ಕ-ಗುಲಾಮನ ಮೇಲೆ ಬಂದು ಕೂತರೆ ಐದು ಟ್ರಿಕ್. ಅದೇ ಐದು ಅಂಕ ಇಸ್ಪೀಟಿನಲ್ಲಿ ರಾಜ-ರಾಣಿಯಾಗಿದ್ದು ಕಳಾವರಿನಲ್ಲಿ ಬರೀ 8, 5 ಇದ್ದಿದ್ದರೆ, ಹನ್ನೊಂದರ ಹತ್ತಿರ ಆಟ ನಿಲ್ಲುತ್ತಿತ್ತು. ಹನ್ನೆರಡನೆಯದಕ್ಕೆ ಅದೃಷ್ಟ ಬೇಕಾಗುತ್ತಿತ್ತು. ಇದು ನಮಗೆ ತಿಳಿಯಲು ಸಾಧ್ಯವೇ ಇರಲಿಲ್ಲ. ಎರಡೂ ಕೈ ಕಾಣುವುದು ಯಾರಿಗೂ ಅಲ್ಲ. ಆದರೆ ಜೋಡಿಗೆ ತಿಳಿಯುತ್ತಿತ್ತು, ನಾವು ಕಳಾವರ್ ಹೇಳಿದ್ದರೆ.

ನಾಲ್ಕು ಆಟೀನಿನ ನೇರ ಜಿಗಿತಕ್ಕೆ ಇನ್ನೊಂದು ದೋಷವೂ ಇದೆ. ಈ ಪದ್ಧತಿಯಲ್ಲಿ ಅದು ಬಡ ಕೈಯ ಕೂಗು. ತುರುಪು ಐದು, ಎಲ್ಲೋ ಒಂದು ಒಂಟಿ ಎಲೆ, ಅಂಕ ಕಡಮೆ, ಎದುರಾಳಿಗಳು ಬಾಯಿ ತೆರೆಯುವ ಮೊದಲೇ ಬಾಗಿಲು ಹಾಕುವುದು ಅದರ ಉದ್ದೇಶ. ನಮ್ಮ ಹಿರಿಯರು ನಮ್ಮನ್ನು ನಂಬಿ ಪಾಸ್ ಮಾಡಿದರು. ತಪ್ಪು ನೂರಕ್ಕೆ ನೂರು ನಮ್ಮದೇ.

ಹಾಗಾದರೆ ಸರಿಯಾದ ಕೂಗು ಯಾವುದು? ಜೋಡಿ ಒಂದು ಮೇಜರ್ ಕೂಗಿದಾಗ ಮೂರು ಎಲೆಯ ಬೆಂಬಲವಿರುವವರು ತಮ್ಮ ಕೈಯನ್ನು ಮೂರು ತೂಕಕ್ಕೆ ಹಾಕಬೇಕು. ಆರರಿಂದ ಒಂಬತ್ತು ಅಂಕವಿದ್ದರೆ ಸುಮ್ಮನೆ ಎರಡು ಆಟೀನ್, ಅಲ್ಲಿಗೆ ಮುಗಿಯಿತು. ಹತ್ತರಿಂದ ಹನ್ನೆರಡರೊಳಗಿದ್ದರೆ ಮೊದಲು ಒಂದು ನೋ ಟ್ರಂಪ್ ಕೂಗಿ (ಈ ಪದ್ಧತಿಯಲ್ಲಿ ಜೋಡಿ ಅದನ್ನು ಪಾಸ್ ಮಾಡುವಂತಿಲ್ಲ), ಮುಂದಿನ ಸರದಿಯಲ್ಲಿ ಮೂರು ಆಟೀನಿಗೆ ಹಾರುವುದು. ಇವೆರಡರಲ್ಲಿ ಹೆಚ್ಚು ತೊಡಕಿಲ್ಲ. ಹದಿಮೂರು ಮತ್ತು ಅದಕ್ಕಿಂತ ಮೇಲಾದರೆ ಬೆಂಬಲವನ್ನು ಕೂಡಲೇ ಹೇಳಬಾರದು. ಮೊದಲು ತಮ್ಮ ಉದ್ದದ ಸೂಟನ್ನು ಎರಡರ ಮಟ್ಟದಲ್ಲಿ ಕೂಗಬೇಕು. ಈ ಎರಡರ ಕೂಗು ಎಂದರೆ ಇಬ್ಬರೂ ಗೇಮ್ ಮುಟ್ಟುವವರೆಗೆ ಯಾರೂ ಪಾಸ್ ಮಾಡುವುದಿಲ್ಲವೆಂಬ ಕರಾರು. ಕರಾರು ಆದ ಮೇಲೆ ಅವಸರವೇನು? ಎರಡನೇ ಸರದಿಯಲ್ಲಿ, ಸಾಧ್ಯವಾದಷ್ಟು ಕೆಳಗಿನ ಮಟ್ಟದಲ್ಲಿ ಆಟೀನ್ ಬೆಂಬಲ ಹೇಳಿದರೆ ಸಾಕು.

ನಮ್ಮ ಆ ಕೈಯನ್ನೇ ಮತ್ತೊಮ್ಮೆ ಕೂಗೋಣ. ಜೋಡಿ ಒಂದು ಆಟೀನ್, ನಾವು ಎರಡು ಕಳಾವರ್. ಅವರಲ್ಲಿ ರಾಜ-ರಾಣಿ ಸೇರಿ ನಾಲ್ಕು ಕಳಾವರ್ ಇರುವುದರಿಂದ ಮೂರು ಕಳಾವರ್ ಎಂದು ಎತ್ತುತ್ತಾರೆ. ಈಗ ನಾವು ಮೂರು ಆಟೀನ್. ಈ ಒಂದು ಕೂಗಿನಲ್ಲಿ ಎಷ್ಟು ಮಾತಿದೆ ಗಮನಿಸಿ: ತುರುಪು ಮೂರೇ ಇದೆ, ಆದರೆ ಕೈ ಬಲವಾಗಿದೆ, ಗೇಮಿಗಿಂತ ಮೇಲೆ ನೋಡುವ ಮನಸ್ಸಿದೆ. ಜೋಡಿಗೆ ಕಳಾವರಿನಲ್ಲಿ ಒಂದೂ ಸೋಲುವುದಿಲ್ಲವೆಂದು ತಿಳಿದಿದೆ. ಇಲ್ಲಿಂದ ಎಕ್ಕವಿರುವ ಸೂಟನ್ನು ಕೆಳಗಿನಿಂದ ಮೇಲಕ್ಕೆ ಹೇಳುತ್ತ ಹೋಗುವುದು ಹಳೆಯ ಕ್ರಮ. ಅವರು ಇಸ್ಪೀಟ್ ಮತ್ತು ಕಳಾವರನ್ನು ದಾಟಿ ನಾಲ್ಕು ಡೈಮನ್ ಕೂಗುತ್ತಾರೆ: ಡೈಮನ್ ಎಕ್ಕ ಇದೆ, ದಾಟಿ ಬಂದ ಎರಡು ಎಕ್ಕ ಇಲ್ಲ. ಆ ಎರಡೂ ನಮ್ಮ ಬಳಿ! ನಾವು ನಾಲ್ಕು ನೋ ಟ್ರಂಪ್ ಕೂಗಿ ಎಕ್ಕ ಕೇಳಿದರೆ ಐದು ಆಟೀನ್ ಎಂದು ಉತ್ತರ, ಎರಡು ಎಕ್ಕ. ನಾಲ್ಕೂ ಎಕ್ಕ ಮನೆಯಲ್ಲೇ ಇವೆ. ಆರು ಆಟೀನ್. ಡೈಮನ್ ರಾಜ ಎಲ್ಲಿದೆಯೆಂದು ನಮಗೆ ತಿಳಿಯದ ಕಾರಣ ಏಳರ ಆಸೆ ಬೇಡ.

ಒಂದು ವೇಳೆ ಎರಡು ಕಳಾವರಿಗೆ ಜೋಡಿ ಕಳಾವರ್ ಎತ್ತದೆ ಬೇರೆ ಸೂಟ್ ಹೇಳಿದ್ದರೆ, ನಾವು ಆಗಲೂ ಮೂರು ಆಟೀನ್ ಹೇಳಿ, ಅವರಿಂದ ಉತ್ಸಾಹ ಬಾರದಿದ್ದರೆ ನಾಲ್ಕು ಆಟೀನಿನಲ್ಲಿ ಸಮಾಧಾನವಾಗಿ ನಿಲ್ಲುತ್ತಿದ್ದೆವು. ನಿಧಾನದ ದಾರಿಯಲ್ಲಿ ಕಳೆದುಕೊಳ್ಳುವುದು ಹೆಚ್ಚೇನಿಲ್ಲ. ಎದುರಾಳಿಗಳಿಗೆ ನಮ್ಮ ಸೂಟುಗಳ ಸುಳಿವು ಸ್ವಲ್ಪ ಸಿಗುತ್ತದೆ ನಿಜ. ಆ ನಷ್ಟ ಸಣ್ಣದು.

ನಾಲ್ಕು ಎಲೆ ಮತ್ತು ಮೂರು ಎಲೆಯನ್ನು ಇಷ್ಟು ಬೇರೆ ಬೇರೆ ಮಾಡುವುದೇಕೆ ಎಂದು ಕೆಲವರು ಕೇಳಿದ್ದಾರೆ. ನಾಲ್ಕು ಇದ್ದಾಗ ಓಸ್ವಾಲ್ಡ್ ಜಾಕೋಬಿಯವರ ಹೆಸರಿನ ಎರಡು ನೋ ಟ್ರಂಪ್ ಕೂಗಿರೆಂದು ಕಳೆದ ಸಲ ಬರೆದಿದ್ದೆವು. ಮೂರು ಇದ್ದಾಗ ಅದನ್ನು ಕೂಗಬಾರದು. ಕಾರಣ ಸರಳ. ಐದು ಮತ್ತು ನಾಲ್ಕು ಸೇರಿ ಒಂಬತ್ತು ತುರುಪಿದ್ದರೆ ಹೊರಗೆ ಉಳಿಯುವುದು ನಾಲ್ಕು. ಅವು ಮೂರು-ಒಂದಾಗಿ ಒಡೆದರೂ ಮೂರು ಸುತ್ತಿನಲ್ಲಿ ಎಳೆದ ಮೇಲೆ ಡಮ್ಮಿಯಲ್ಲಿ ಇನ್ನೂ ಒಂದು ತುರುಪು ಕೊಯ್ಯಲು ಉಳಿದಿರುತ್ತದೆ. ಎಂಟೇ ಇದ್ದರೆ ಹೊರಗೆ ಐದು. ಅವು ಮೂರು-ಎರಡಾಗಿ ಒಡೆಯುವುದು ನೂರಕ್ಕೆ 68 ಸಲ. ಆಗಲೂ ಮೂರು ಸುತ್ತು ಎಳೆದರೆ ಡಮ್ಮಿಯ ಮೂರೂ ಹೋಯಿತು. ನೂರಕ್ಕೆ 28 ಸಲ ನಾಲ್ಕು-ಒಂದು, 4 ಸಲ ಐದೂ ಒಂದೇ ಕಡೆ. ಆದುದರಿಂದ ಮೂರು ಎಲೆಯ ಕೈಯಲ್ಲಿ ತುರುಪಿನಿಂದ ಕೊಯ್ದು ಟ್ರಿಕ್ ಮಾಡುವ ಭರವಸೆ ಕಡಮೆ. ಟ್ರಿಕ್ ಬೇರೆ ಸೂಟಿನಿಂದ ಬರಬೇಕು. ಹಾಗಿರುವಾಗ ಆ ಬೇರೆ ಸೂಟ್ ಯಾವುದೆಂದು ಜೋಡಿಗೆ ಹೇಳದಿರುವುದು ಹೇಗೆ ಸರಿಯಾದೀತು? ಒಂಟಿ ಎಲೆಗೆ ಕೊಡುವ ಹೆಚ್ಚುವರಿ ಅಂಕವನ್ನೂ ಇದೇ ಕಾರಣದಿಂದ ತಗ್ಗಿಸಬೇಕು. ನಾಲ್ಕು ತುರುಪಿಗೆ 3 ಕೊಡುವ ಕಡೆ ಮೂರು ತುರುಪಿಗೆ 2ಕ್ಕಿಂತ ಹೆಚ್ಚು ನಾವು ಕೊಡುವುದಿಲ್ಲ.

ಇನ್ನು, ಗೇಮಿನ ಕರಾರು ಆದ ಮೇಲೆ ಮೂರರ ಬೆಂಬಲಕ್ಕೂ ನಾಲ್ಕರ ಬೆಂಬಲಕ್ಕೂ ಇರುವ ಅಂತರ. ನಮ್ಮ ಮೇಜುಗಳಲ್ಲಿ ಅತಿ ಹೆಚ್ಚು ತಪ್ಪುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಂತು ನೋಡೋಣ. ಜೋಡಿ ಒಂದು ಇಸ್ಪೀಟ್, ನೀವು ಎರಡು ಡೈಮನ್, ಜೋಡಿ ಎರಡು ಇಸ್ಪೀಟ್. ನಿಮ್ಮ ಕೈ ಹೀಗಿದ್ದರೆ:

ಇಸ್ಪೀಟ್: ರಾಣಿ, 8, 3
ಆಟೀನ್: ರಾಣಿ, ಗುಲಾಮ, 4
ಡೈಮನ್: ಎಕ್ಕ, ರಾಣಿ, 9, 6, 2
ಕಳಾವರ್: ರಾಣಿ, 5

ಹದಿಮೂರು ಅಂಕ ಹೌದು, ಆದರೆ ಅಂತಃಪುರದ ತುಂಬ ರಾಣಿಯರು, ಎಕ್ಕ ಒಂದೇ. ಇಲ್ಲಿ ನಾಲ್ಕು ಇಸ್ಪೀಟಿಗೆ ಹಾರಿ ಬಾಗಿಲು ಹಾಕಿ. ಅದೇ ಕೂಗು ನಡೆದು ನಿಮ್ಮ ಕೈ ಹೀಗಿದ್ದರೆ:

ಇಸ್ಪೀಟ್: ಎಕ್ಕ, ರಾಜ, 4
ಆಟೀನ್: 8, 3
ಡೈಮನ್: ಎಕ್ಕ, ರಾಜ, ಗುಲಾಮ, 6, 2
ಕಳಾವರ್: 9, 7, 4

ಅಂಕ ಹದಿನೈದು, ಮೊದಲಿನದಕ್ಕಿಂತ ಎರಡೇ ಹೆಚ್ಚು. ಆದರೆ ಕೈಯ ಜಾತಿಯೇ ಬೇರೆ. ಇಲ್ಲಿ ಮೂರು ಇಸ್ಪೀಟ್ ಮಾತ್ರ ಕೂಗಿ. ಹೊಸಬರಿಗೆ ಇದು ತಲೆಕೆಳಗಾಗಿ ಕಾಣುತ್ತದೆ: ಬಲವಾದ ಕೈಗೆ ಕಡಮೆ ಕೂಗು, ಸಾಧಾರಣ ಕೈಗೆ ಹೆಚ್ಚಿನ ಕೂಗು. ಗೇಮ್ ಖಾತ್ರಿಯಾದ ಮೇಲೆ ಮಟ್ಟ ಎನ್ನುವುದು ಬಲದ ಅಳತೆಯಲ್ಲ, ಮಾತಾಡಲು ಉಳಿದ ಜಾಗ. ಮೂರು ಇಸ್ಪೀಟಿನ ಮೇಲೆ ನಾಲ್ಕು ಕಳಾವರ್, ನಾಲ್ಕು ಡೈಮನ್, ನಾಲ್ಕು ಆಟೀನ್ ಎಂದು ಮೂರು ಮೆಟ್ಟಿಲುಗಳಿವೆ. ನಿಮ್ಮಲ್ಲಿ ಆಟೀನ್, ಕಳಾವರ್ ಎರಡೂ ಬರಿದು. ಆ ಎರಡರ ಎಕ್ಕ ಜೋಡಿಯ ಬಳಿ ಇದೆಯೇ ಎಂದು ತಿಳಿಯುವುದು ಆ ಮೆಟ್ಟಿಲುಗಳ ಮೇಲೆಯೇ. ನಾಲ್ಕು ಇಸ್ಪೀಟಿಗೆ ಹಾರಿದರೆ ಮೂರನ್ನೂ ನೀವೇ ಕಿತ್ತು ಎಸೆದಂತೆ.

ಐದು ಎಲೆಯ ಉದ್ದ ಸೂಟ್ ಇಲ್ಲದಿದ್ದರೆ ನಾಲ್ಕು ಎಲೆಯ ಕಳಾವರ್ ಅಥವಾ ಡೈಮನ್ ಆದರೂ ಕೂಗಬಹುದು. ಆದರೆ ಜೋಡಿ ಒಂದು ಇಸ್ಪೀಟ್ ಕೂಗಿದಾಗ ಎರಡು ಆಟೀನ್ ಕೂಗಬೇಕಾದರೆ ಆಟೀನ್ ಐದು ಇರಲೇಬೇಕು, ಇಲ್ಲಿ ರಿಯಾಯಿತಿ ಇಲ್ಲ. ಕೈ ಪೂರ್ತಿ ಚಪ್ಪಟೆಯಾಗಿ, ನಾಲ್ಕು-ಮೂರು-ಮೂರು-ಮೂರು ಇದ್ದು, ಹದಿಮೂರರಿಂದ ಹದಿನೈದು ಅಂಕ ಎಲ್ಲ ಸೂಟಿನಲ್ಲೂ ಹರಡಿದ್ದರೆ ನೇರ ಮೂರು ನೋ ಟ್ರಂಪ್ ಕೂಗುವ ಜೋಡಿಗಳಿವೆ. ಕೊಯ್ಯಲು ಗಿಡ್ಡ ಸೂಟೇ ಇಲ್ಲವಾದ್ದರಿಂದ ಹತ್ತು ಟ್ರಿಕ್ಕಿಗಿಂತ ಒಂಬತ್ತು ಸುಲಭ ಎಂಬುದು ಅವರ ತರ್ಕ. ನಮಗೂ ಅದು ಒಪ್ಪಿಗೆ, ಆದರೆ ಅದನ್ನು ಮೊದಲೇ ಮಾತಾಡಿಕೊಂಡಿರಬೇಕು. ಮೇಜಿನ ಮೇಲೆ ಹೊಸದಾಗಿ ಹುಟ್ಟಿಸಬಾರದು.

ಮೇಜರನ್ನು ನಾಲ್ಕು ಎಲೆಗೇ ಮೊದಲು ಕೂಗುವ ಹಳೆಯ ಪದ್ಧತಿಯ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರ ಜೋಡಿಯಾಗಿ ಕೂತಾಗ ಮೂರು ಮತ್ತು ನಾಲ್ಕು ಏಳೇ ಆದೀತೆಂಬುದು ನೆನಪಿರಲಿ. ಅವರು ಅದೇ ಮೇಜರನ್ನು ಎರಡನೇ ಸಲ ಹೇಳುವವರೆಗೆ ನಿಮ್ಮ ಮೂರು ಎಲೆಯನ್ನು ಗುಟ್ಟಾಗಿಯೇ ಇಡುವುದು ಲೇಸು.

ಪಾತ್ರ ಅದಲುಬದಲಾದಾಗಲೂ ಇದೇ ವಿಚಾರ ಬರುತ್ತದೆ. ನೀವು ಒಂದು ಡೈಮನ್ ಕೂಗಿದಿರಿ, ಜೋಡಿ ಒಂದು ಇಸ್ಪೀಟ್ ಎಂದರು. ಅವರ ಭರವಸೆ ನಾಲ್ಕು ಎಲೆಯದು ಮಾತ್ರ. ನಿಮ್ಮಲ್ಲಿ:

ಇಸ್ಪೀಟ್: ರಾಜ, ರಾಣಿ, 5
ಆಟೀನ್: 4
ಡೈಮನ್: ಎಕ್ಕ, ರಾಜ, ಗುಲಾಮ, 8, 6
ಕಳಾವರ್: ಎಕ್ಕ, ರಾಣಿ, 7, 3

ಹತ್ತೊಂಬತ್ತು ಅಂಕ ಕಂಡು ಮೂರು ಅಥವಾ ನಾಲ್ಕು ಇಸ್ಪೀಟಿಗೆ ಹಾರುವ ಆಸೆ ಯಾರಿಗೂ ಬಂದೀತು. ಆದರೆ ಆ ಜಿಗಿತಗಳು ನಾಲ್ಕು ಎಲೆಯ ಬೆಂಬಲವನ್ನು ಸಾರುತ್ತವೆ. ಇಲ್ಲಿ ಮೂರು ಕಳಾವರಿಗೆ ಹಾರಿ. ಅದೂ ಗೇಮಿನ ಕರಾರೇ. ಜೋಡಿ ಏನು ಹೇಳಿದರೂ ಮುಂದಿನ ಸರದಿಯಲ್ಲಿ ಇಸ್ಪೀಟಿಗೆ ಬೆಂಬಲ ಕೊಡಿ. ಆಟೀನ್ ಕೂಗದೆ ಉಳಿದದ್ದರಿಂದ ಅದರಲ್ಲಿ ನೀವು ಗಿಡ್ಡವೆಂದೂ ಇಸ್ಪೀಟ್ ಮೂರೇ ಎಂದೂ ಜೋಡಿ ಊಹಿಸುತ್ತಾರೆ. ಅವರಲ್ಲಿ ಐದು ಇಸ್ಪೀಟಿದ್ದರೆ ಮುಂದೆ ಹೋಗುತ್ತಾರೆ, ನಾಲ್ಕೇ ಇದ್ದು ಆಟೀನ್ ಗಟ್ಟಿಯಾಗಿದ್ದರೆ ಮೂರು ನೋ ಟ್ರಂಪಿಗೆ ತಿರುಗುತ್ತಾರೆ. ತೀರ್ಮಾನ ಅವರದು, ಅದಕ್ಕೆ ಬೇಕಾದ ಸಾಮಗ್ರಿ ಒದಗಿಸಿದ್ದು ನೀವು. ಕೈ ಚಪ್ಪಟೆಯಾಗಿದ್ದು 18-19 ಅಂಕವಿದ್ದರೆ ಎರಡು ನೋ ಟ್ರಂಪಿಗೆ ಹಾರಿ. ಐದು ಇಸ್ಪೀಟಿರುವ ಜೋಡಿ ಮೂರು ಕಳಾವರ್ ಎಂದು ವಿಚಾರಿಸಿದರೆ ಮೂರು ಇಸ್ಪೀಟ್ ಎಂದು ತಿಳಿಸಿದರಾಯಿತು.

ಜೀಪಿನ ಆ ರಾತ್ರಿಯ ಮರುವಾರ ಹಿರಿಯರ ಮನೆಯ ಜಗಲಿಯಲ್ಲಿ ಕೂತು ನಾವಿಬ್ಬರೂ ಇದನ್ನೆಲ್ಲ ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡೆವು. ಆ ಬಳಿಕವೂ ಸೋತಿದ್ದೇವೆ, ಆದರೆ ಈ ಕಾರಣಕ್ಕಲ್ಲ. ಜೋಡಿಯಾಗಿ ಆಡುವ ಸದಸ್ಯರು ಒಂದು ಸಂಜೆ ಎದುರಾಳಿಗಳಿಲ್ಲದೆ ಇಬ್ಬರೇ ಕೂತು, ಎಲೆ ಹಂಚಿ, ಬರೀ ಕೂಗನ್ನೇ ಅಭ್ಯಾಸ ಮಾಡಬೇಕೆಂದು ಸೂಚಿಸುತ್ತೇವೆ. ಆಟ ಆಡುವುದು ಬೇಡ, ಕೂಗು ಮುಗಿದ ಮೇಲೆ ಎರಡೂ ಕೈ ತೆರೆದಿಟ್ಟು ಎಣಿಸಿದರೆ ಸಾಕು. ಒಂದು ತಾಸಿನಲ್ಲಿ ಹದಿನೈದು ಕೈಯಾದರೂ ಆಗುತ್ತದೆ.

ಅಭ್ಯಾಸಕ್ಕೆ ಒಂದು ಕೈ ಕೊಟ್ಟಿದ್ದೇವೆ. ಜೋಡಿ ಒಂದು ಇಸ್ಪೀಟ್, ನೀವು ಎರಡು ಕಳಾವರ್, ಜೋಡಿ ಎರಡು ಆಟೀನ್, ನೀವು ಎರಡು ಇಸ್ಪೀಟ್. ಈಗ ಜೋಡಿ ನಾಲ್ಕು ಇಸ್ಪೀಟಿಗೆ ಹಾರಿದ್ದಾರೆ. ನಿಮ್ಮ ಕೈ:

ಇಸ್ಪೀಟ್: ಎಕ್ಕ, ರಾಣಿ, 6
ಆಟೀನ್: 5
ಡೈಮನ್: ರಾಜ, ರಾಣಿ, 8, 4
ಕಳಾವರ್: ಎಕ್ಕ, 10, 7, 5, 3

ಪಾಸ್ ಮಾಡುವಿರೋ, ಮುಂದೆ ಹೋಗುವಿರೋ? ಜೋಡಿಯ ಆ ಜಿಗಿತ ಏನು ಹೇಳುತ್ತಿದೆ, ಅವರ ಆಟೀನಿನ ಎದುರು ನಿಮ್ಮ ಒಂಟಿ ಎಲೆ ಗುಣವೋ ದೋಷವೋ ಎಂಬುದನ್ನೂ ಸೇರಿಸಿ ಉತ್ತರ ಬರೆದು ಸಂಘದ ಕಚೇರಿಯ ಪೆಟ್ಟಿಗೆಯಲ್ಲಿ ಹಾಕಿರಿ. ಕಾರಣ ಸಹಿತ ಬಂದ ಉತ್ತರಗಳನ್ನು ಮುಂದಿನ ಸಂಚಿಕೆಯಲ್ಲಿ ಚರ್ಚಿಸುತ್ತೇವೆ.